ಹೆಸರು ಬದಲಿಸಿಕೊಂಡ ಫೈಲು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿಗೊಂದು ನ್ಯಾಯ, ಲೋಹಕ್ಕೊಂದು ನ್ಯಾಯ. ಕೃಷ್ಣಶಿಲೆಯ ವಿಗ್ರಹದ ಮೂಗಿಗೆ ಉಳಿಯೇಟು ತುಸು ಜೋರಾಗಿ ಬಿತ್ತೋ, ಆ ಕಲ್ಲಿನ ಕಥೆ ಮುಗಿಯಿತು. ಪಂಚಲೋಹದ ಎರಕ ಕೆಟ್ಟರೆ ಕರಗಿಸಿ ಮತ್ತೆ ಹುಯ್ಯಬಹುದು. ನೆಟ್‌ವರ್ಕ್ ಸ್ವಿಚ್ಚು ಈ ಎರಡನೇ ಜಾತಿಯದು. ಆದರೆ ಹಳೆಯದು ಪೂರ್ತಿ ಕರಗಿದೆಯೇ ಎಂದು ನೋಡದೆ ಹೊಸದನ್ನು ಹುಯ್ಯುವವರೇ ಹೆಚ್ಚು.

ಅಲ್ಲಿನ ಶಿಲ್ಪಿ ಮಿತ್ರರೊಬ್ಬರು ಶೆಡ್ಡಿನ ಕ್ಯಾಮೆರಾಗಳಿಗೆಂದು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಸೆಕೆಂಡ್‌ಹ್ಯಾಂಡ್ ಸ್ವಿಚ್ಚು ತಂದಿದ್ದರು. ಎಂಟು ಪೋರ್ಟಿನ ಸಿಸ್ಕೊ ಕ್ಯಾಟಲಿಸ್ಟ್ 2960. ಆಯ್ಕೆ ನನಗೆ ಹಿಡಿಸಿತು, ಯಾಕೆಂದರೆ ಈ ಪುಟ್ಟ ಮಾದರಿಗೆ ಫ್ಯಾನಿಲ್ಲ. ಕಲ್ಲು ಕೊರೆಯುವ ಜಾಗದಲ್ಲಿ ಫ್ಯಾನಿರುವ ಸ್ವಿಚ್ಚು ಇಟ್ಟರೆ ಅದು ಹಗಲೆಲ್ಲ ಧೂಳನ್ನು ಒಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ. “ಅಂಗಡಿಯವರೇ ರೀಸೆಟ್ ಮಾಡಿ ಕೊಟ್ಟವ್ರೆ ಅಣ್ಣ, ಬಟನ್ ಒತ್ತಿದ್ರೆ ಆಯ್ತಲ್ವಾ?” ಅಂದರು.

ಆಗುವುದಿಲ್ಲ. ಮುಂಭಾಗದ ಮೋಡ್ ಗುಂಡಿಯನ್ನು ಒತ್ತಿ ಹಿಡಿದರೆ ಮೂರು ಸೆಕೆಂಡಿಗೆಲ್ಲ ದೀಪಗಳು ಮಿಣುಕುತ್ತವೆ. ಬಿಡದೆ ಹತ್ತು ಸೆಕೆಂಡಿನವರೆಗೆ ಹಿಡಿದರೆ ಮಿಣುಕಾಟ ನಿಂತು ಸ್ವಿಚ್ಚು ಮರುಚಾಲೂ ಆಗುತ್ತದೆ. ಎದ್ದಾಗ ಹೊಸ ಪೆಟ್ಟಿಗೆಯಿಂದ ತೆಗೆದಂತೆ ಕಾಣುತ್ತದೆ. ನೀಲಿ ಕನ್ಸೋಲ್ ಕೇಬಲ್ ಹಾಕಿ, ಕಂಪ್ಯೂಟರಿನ ಪುಟ್ಟಿ ತಂತ್ರಾಂಶದಲ್ಲಿ ವೇಗ 9600ಕ್ಕೆ ಇಟ್ಟು ‘ಡಿಐಆರ್ ಫ್ಲ್ಯಾಶ್’ ಎಂದು ಕೇಳಿದಾಗ ನಿಜ ಹೊರಬೀಳುತ್ತದೆ. ಗುಂಡಿ ಅಳಿಸಿಲ್ಲ, ಹೆಸರು ಬದಲಿಸಿದೆ ಅಷ್ಟೇ. ‘ಕಾನ್ಫಿಗ್.ಟೆಕ್ಸ್ಟ್’ ಇದ್ದದ್ದು ‘ಕಾನ್ಫಿಗ್.ಟೆಕ್ಸ್ಟ್.ರಿನೇಮ್ಡ್’ ಆಗಿ, ‘ವಿಲ್ಯಾನ್.ಡ್ಯಾಟ್’ಗೂ ಅದೇ ಬಾಲ ಅಂಟಿಕೊಂಡು, ಎರಡೂ ಫ್ಲ್ಯಾಶಿನಲ್ಲೇ ಕೂತಿರುತ್ತವೆ. ಮಿತ್ರರ ಸ್ವಿಚ್ಚಿನಲ್ಲಿ ಯಾವುದೋ ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ), ಐಪಿ ವಿಳಾಸ, ‘ಟೈಪ್ 7’ ಪಾಸ್‌ವರ್ಡು ಎಲ್ಲವೂ ಹಾಗೇ ಇದ್ದವು. ಟೈಪ್ 7 ಅನ್ನುವುದು ಗೂಢಲಿಪಿಯ ವೇಷ, ಅಷ್ಟೇ. ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು.

ಆದ್ದರಿಂದ ನನ್ನದು ಕನ್ಸೋಲಿನ ಪಕ್ಷ. ‘ರೈಟ್ ಇರೇಸ್’ ಕೊಟ್ಟರೆ ಸೆಟ್ಟಿಂಗ್ಸ್ ಹೋಗುತ್ತವೆ. ಬಹಳ ಮಂದಿ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ವಿಲ್ಯಾನ್‌ಗಳ ಪಟ್ಟಿ ಬೇರೆ ಫೈಲಿನಲ್ಲಿರುವುದರಿಂದ ‘ಡಿಲೀಟ್ ಫ್ಲ್ಯಾಶ್: ವಿಲ್ಯಾನ್.ಡ್ಯಾಟ್’ ಬೇಕೇ ಬೇಕು. ಬಾಲವಿರುವ ಎರಡು ಫೈಲುಗಳಿಗೂ ಅದೇ ಗತಿ ಕಾಣಿಸಬೇಕು. ಆಮೇಲೆ ‘ರೀಲೋಡ್’. ಬದಲಾವಣೆ ಉಳಿಸಲೇ ಎಂದು ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ ಅಳಿಸಿದ ಸೆಟ್ಟಿಂಗ್ಸ್ ಮರಳಿ ಬಂದಾವು.

ಈ ವಿಲ್ಯಾನ್ ಫೈಲಿನ ಬಗ್ಗೆ ಇಷ್ಟು ಗಲಾಟೆ ಯಾಕೆಂದರೆ, ವಿಲ್ಯಾನ್ ಪಟ್ಟಿಯನ್ನು ಸ್ವಿಚ್ಚುಗಳ ನಡುವೆ ಹಂಚುವ ಸಿಸ್ಕೊದ ವಿಟಿಪಿ ಎಂಬ ಏರ್ಪಾಟಿನಲ್ಲಿ ಪ್ರತಿ ಬದಲಾವಣೆಗೂ ಈ ಫೈಲಿನಲ್ಲಿರುವ ಪರಿಷ್ಕರಣ ಸಂಖ್ಯೆ ಏರುತ್ತದೆ. ಕಾಲೇಜಿನಲ್ಲೋ ಕಾರ್ಖಾನೆಯಲ್ಲೋ ಅದೇ ಡೊಮೈನ್ ಹೆಸರಿನ ಹಳೆಯ ಸ್ವಿಚ್ಚನ್ನು ಹೆಚ್ಚಿನ ಸಂಖ್ಯೆಯೊಂದಿಗೆ ತಂದು ಸಿಕ್ಕಿಸಿದರೆ, ಉಳಿದವೆಲ್ಲ ಅದನ್ನೇ ಹಿರಿಯನೆಂದು ನಂಬಿ ತಮ್ಮ ವಿಲ್ಯಾನ್‌ಗಳನ್ನು ಬಿಟ್ಟುಕೊಡುತ್ತವೆ. ಇಡೀ ಕಟ್ಟಡ ಗಪ್‌ಚಿಪ್. ಒಂದೇ ಸ್ವಿಚ್ಚಿರುವ ಶಿಲ್ಪಿಯ ಶೆಡ್ಡಿಗೆ ಈ ಗಂಡಾಂತರವಿಲ್ಲ, ಅದು ಬೇರೆ ಮಾತು.

ಹುಮ್ಮಸ್ಸಿನಲ್ಲಿ ‘ಫಾರ್ಮ್ಯಾಟ್ ಫ್ಲ್ಯಾಶ್’ ಮಾತ್ರ ಹೊಡೆಯಬೇಡಿ. ಸ್ವಿಚ್ಚನ್ನು ನಡೆಸುವ ಐಒಎಸ್ ತಂತ್ರಾಂಶವೂ ಇರುವುದು ಅಲ್ಲೇ. ಅದು ಹೋದರೆ ಕನ್ಸೋಲಿನ ಮೂಲಕ ಎಕ್ಸ್‌ಮೋಡೆಮ್‌ನಲ್ಲಿ ಮತ್ತೆ ತುಂಬಬೇಕು. 9600 ವೇಗದಲ್ಲಿ 10 ಎಂಬಿ ಇಳಿಯಲು ಸುಮಾರು 3 ಗಂಟೆ.

ಬೇರೆ ಕಂಪನಿಗಳ ಪದ್ಧತಿ ಬೇರೆ. ಎಚ್‌ಪಿ ಪ್ರೊಕರ್ವ್‌ನಲ್ಲಿ ರೀಸೆಟ್, ಕ್ಲಿಯರ್ ಎರಡನ್ನೂ ಒಟ್ಟಿಗೆ ಒತ್ತಿ, ರೀಸೆಟ್ ಬಿಟ್ಟು, ಸೆಲ್ಫ್ ಟೆಸ್ಟ್ ದೀಪ ಮಿಣುಕಿದ ಮೇಲೆ ಕ್ಲಿಯರ್ ಬಿಡಬೇಕು. ವೀಣೆ ಕಲಿತವರ ಬೆರಳಿಗೆ ಸುಲಭವೇನೋ! ಡಿ-ಲಿಂಕ್ ಸ್ಮಾರ್ಟ್ ಸ್ವಿಚ್ಚುಗಳು ರೀಸೆಟ್ ಆದ ಮೇಲೆ 10.90.90.90ರಲ್ಲಿ ಸಿಗುತ್ತವೆ. ಹೀಗೆ ಜಗತ್ತಿಗೆಲ್ಲ ಗೊತ್ತಿರುವ ವಿಳಾಸ, ಪಾಸ್‌ವರ್ಡುಗಳಲ್ಲೇ ಬಿಟ್ಟರೆ ರೀಸೆಟ್ ಮಾಡಿ ಏನು ಬಂತು? ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಕ್ಯಾಮೆರಾ ಸಿಕ್ಕಿಸಿ.

ಮಾಲೂರು, ನರಸಾಪುರದ ಕಾರ್ಖಾನೆಗಳ ಐಟಿ ವಿಭಾಗದವರಲ್ಲಿ ಒಂದು ವಿನಂತಿ: ಹಳೆಯ ಸ್ವಿಚ್ಚುಗಳನ್ನು ಗುಜರಿಗೆ ಕಳಿಸುವ ಮುನ್ನ ಕನ್ಸೋಲ್ ಹಾಕಿ ಆ ಫೈಲುಗಳನ್ನು ಅಳಿಸಿ. ಕೊಳ್ಳುವವರು ಅಂಗಡಿಯಲ್ಲಿ ನಿಂತೇ ‘ಡಿಐಆರ್ ಫ್ಲ್ಯಾಶ್’ ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.