ಯಾವ ಬ್ರಶ್? ಡಿಜಿಟಲ್ ಚಿತ್ರಗಳನ್ನು ಓದುವ ಬಗ್ಗೆ

ಟ್ಯಾಬ್ಲೆಟ್ ಮೇಲೆ ಬಿಡಿಸಿದ ಚಿತ್ರವೊಂದು ಚೆನ್ನಾಗಿ ಕಂಡರೆ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಸಾಫ್ಟ್‌ವೇರ್, ಯಾವ ಬ್ರಶ್? ಕಾದಂಬರಿಕಾರರನ್ನು ಯಾರೂ ಇಷ್ಟು ಆಸ್ಥೆಯಿಂದ ‘ಯಾವ ಪೆನ್ನಿನಲ್ಲಿ ಬರೆದಿರಿ?’ ಎಂದು ಕೇಳುವುದಿಲ್ಲ. ಚಿತ್ರಕಾರರಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ‘ಬ್ರಶ್‌ನಲ್ಲಿ ಏನಿದೆ, ಅಭ್ಯಾಸ ಮಾಡಿ’ ಎಂಬ ಅವರ ಉತ್ತರವೂ ಈಗ ಸವೆದುಹೋಗಿದೆ. ಬ್ರಶ್‌ನಲ್ಲಿ ನಿಜಕ್ಕೂ ಏನೂ ಇಲ್ಲವಾದರೆ, ಅಮೆರಿಕದ ಚಿತ್ರಕಾರ ಕೈಲ್ ವೆಬ್‌ಸ್ಟರ್ ಫೋಟೋಶಾಪ್‌ಗೆಂದು ಮಾಡಿ ಮಾರುತ್ತಿದ್ದ ಬ್ರಶ್‌ಗಳನ್ನು 2017ರಲ್ಲಿ ಅಡೋಬಿ ಕಂಪನಿ ಕೊಂಡುಕೊಂಡದ್ದು ಯಾಕೆ? ಪ್ರಶ್ನೆಯಲ್ಲಿ ಹುರುಳಿದೆ. ಆದರೆ ನೋಡುಗರಾದ ನಾವು ಕೇಳಬೇಕಾದ ಪ್ರಶ್ನೆ ಅದರ ಪಕ್ಕದ ಇನ್ನೊಂದು ಎಂದು ನನಗನಿಸುತ್ತದೆ: ಈ ಸಾಧನ ಚಿತ್ರ ಆದ ಬಗೆಯಲ್ಲಿ ಏನನ್ನು ಉಳಿಸಿಕೊಂಡಿದೆ, ಏನನ್ನು ಒರೆಸಿಹಾಕಿದೆ?

ಮೊದಲು ಬ್ರಶ್ ಎಂದರೇನು ಎಂದು ನೋಡೋಣ. ಡಿಜಿಟಲ್ ಬ್ರಶ್‌ಗಳಲ್ಲಿ ಹೆಚ್ಚಿನವು ಒಳಗೆ ಒಂದು ಮೊಹರು, ಅಷ್ಟೆ. ಪೆನ್ನು ಸಾಗಿದ ದಾರಿಯುದ್ದಕ್ಕೂ ಒಂದು ಪುಟ್ಟ ಆಕಾರವನ್ನು ಒತ್ತೊತ್ತಾಗಿ ಮುದ್ರಿಸುತ್ತಾ ಹೋದರೆ ನಮ್ಮ ಕಣ್ಣಿಗೆ ಅದು ಗೆರೆ. ಮೊಹರುಗಳ ನಡುವಿನ ಅಂತರವನ್ನು ಸ್ವಲ್ಪ ಹೆಚ್ಚಿಸಿ, ಗೆರೆ ಮಣಿಸರದ ಹಾಗೆ ಬಿಡಿಬಿಡಿಯಾಗುತ್ತದೆ. ಕೈ ಎಷ್ಟು ಒತ್ತಿತು ಎಂಬುದನ್ನು ಸಾಧನ ಒಂದು ಸಂಖ್ಯೆಯಾಗಿ ಕಳಿಸುತ್ತದೆ. ವಾಕಮ್‌ನ ಇಂಟುವೊಸ್ ಪ್ರೊ ಪೆನ್ನಿನಲ್ಲಿ ಅದಕ್ಕೆ 8192 ಹಂತಗಳಿವೆ. ಒತ್ತಿದಾಗ ಗೆರೆ ದಪ್ಪವಾಗಬೇಕೋ, ಬಣ್ಣ ಗಾಢವಾಗಬೇಕೋ, ಕೆಳಗಿನ ಬಣ್ಣವನ್ನು ಎಳೆದುಕೊಂಡು ಬರಬೇಕೋ ಎಂಬುದನ್ನೆಲ್ಲ ಬ್ರಶ್ ಮಾಡಿದವರು ಮೊದಲೇ ತೀರ್ಮಾನಿಸಿಟ್ಟಿರುತ್ತಾರೆ. ಹೀಗೆ ಚಿತ್ರಕಾರರ ಕೈಗೂ ಕಾಗದಕ್ಕೂ ನಡುವೆ ಮೂರನೆಯವರೊಬ್ಬರು ಸದ್ದಿಲ್ಲದೆ ಕುಳಿತಿರುತ್ತಾರೆ. ಮಾಯಾಲೋಕದ ಕಾದಂಬರಿಗಳ ಮುಖಪುಟಗಳಲ್ಲಿ ಎಲ್ಲರ ಕೆನ್ನೆಯೂ ಪ್ಲಾಸ್ಟಿಕ್ ಬೊಂಬೆಯ ಕೆನ್ನೆಯಂತೆ ನುಣ್ಣಗೆ ಮಿಂಚುವುದಕ್ಕೆ ಚಿತ್ರಕಾರರ ಸೋಮಾರಿತನ ಎಷ್ಟು ಕಾರಣವೋ, ಅಂಚು ಮೆದುವಾದ ಆ ಗುಂಡು ಬ್ರಶ್ ಕೂಡ ಅಷ್ಟೇ ಕಾರಣ.

ಇಲ್ಲಿ ಡೇವಿಡ್ ಹಾಕ್ನಿ ಅವರ ಉದಾಹರಣೆ ಉಪಯೋಗಕ್ಕೆ ಬರುತ್ತದೆ. ಎಪ್ಪತ್ತು ದಾಟಿದ ಮೇಲೆ, ತೈಲವರ್ಣದಲ್ಲಿ ಜಗತ್ಪ್ರಸಿದ್ಧರಾದ ಮೇಲೆ, ಅವರು ಐಫೋನ್‌ನಲ್ಲಿ ‘ಬ್ರಶಸ್’ ಎಂಬ ಆ್ಯಪ್ ಹಿಡಿದು ಹೆಬ್ಬೆರಳಿನಿಂದ ಹೂವುಗಳನ್ನು ಬಿಡಿಸತೊಡಗಿದರು. ಬೆಳಗ್ಗೆ ಬಿಡಿಸಿ ಗೆಳೆಯರಿಗೆ ಕಳಿಸುತ್ತಿದ್ದರು. 2010ರಲ್ಲಿ ಐಪ್ಯಾಡ್ ಬಂತು. 2011ರಲ್ಲಿ ಯಾರ್ಕ್‌ಶೈರ್‌ನ ವೋಲ್ಡ್‌ಗೇಟ್ ಎಂಬ ಹಳೆಯ ರಸ್ತೆಗೆ ವಸಂತ ಬರುವುದನ್ನು ಅವರು ಐಪ್ಯಾಡ್‌ನಲ್ಲೇ ಹಿಂಬಾಲಿಸಿದರು. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅಂಥ 51 ಚಿತ್ರಗಳು ದೊಡ್ಡ ಗಾತ್ರದಲ್ಲಿ ಮುದ್ರಣವಾಗಿ ಗೋಡೆಯೇರಿದವು, ಜೊತೆಗೆ 32 ಕ್ಯಾನ್ವಾಸುಗಳ ಒಂದು ಬೃಹತ್ ತೈಲಚಿತ್ರ.

ಆಗಿನ ಐಪ್ಯಾಡಿಗೆ ಒತ್ತಡವೇ ತಿಳಿಯುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆ್ಯಪಲ್ ಪೆನ್ಸಿಲ್ ಬಂದದ್ದು 2015ರಲ್ಲಿ. ಅಂದರೆ ಮೇಲೆ ಹೇಳಿದ 8192 ಹಂತಗಳ ಜಾಗದಲ್ಲಿ ಹಾಕ್ನಿಯವರಿಗೆ ಇದ್ದದ್ದು ಎರಡೇ: ಮುಟ್ಟಿದೆ, ಮುಟ್ಟಿಲ್ಲ. ಆ ಬಡತನ ಅವರಿಗೆ ಒಗ್ಗಿತು ಎನ್ನಬೇಕು. ದಪ್ಪ ಬದಲಾಗದ ಗೆರೆಗಳನ್ನು ಅವರು ನಾಚಿಕೆಯಿಲ್ಲದೆ ಹಾಗೆಯೇ ಬಿಟ್ಟಿದ್ದಾರೆ. ಹುಲ್ಲು ಬೇಕಿದ್ದ ಕಡೆ ಹಸಿರು ಗೀರುಗಳ ರಾಶಿ, ಕೆಸರು ನೀರಿಗೆ ಅರೆಪಾರದರ್ಶಕ ಪಟ್ಟಿಗಳು. ಎಲ್ಲೂ ತೈಲವರ್ಣದ ವೇಷ ಹಾಕುವ ಪ್ರಯತ್ನ ಇಲ್ಲ. ಕಿಟಕಿಯಾಚೆಯ ಬೆಳಕು, ಗಾಜಿನ ಹೂದಾನಿಯ ನೀರಿನಲ್ಲಿ ಮುರಿದು ಕಾಣುವ ಕಾಂಡ ಇಂಥವು ಸಾಧನದ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿವೆ. ಚಿತ್ರವೂ ಹಿಂದಿನಿಂದ ಬೆಳಗುವ ಗಾಜಿನ ಮೇಲೆಯೇ ಇತ್ತಲ್ಲ!

ಅದೇ ಚಿತ್ರಗಳನ್ನು ಹಿಗ್ಗಿಸಿ ಮುದ್ರಿಸಿದಾಗ ನನ್ನ ಮೆಚ್ಚುಗೆ ಅರ್ಧಕ್ಕಿಳಿಯುತ್ತದೆ. ಮೊದಲ ಐಪ್ಯಾಡಿನ ಪರದೆ 1024×768 ಚುಕ್ಕಿಗಳದ್ದು. ಆ್ಯಪ್ ಪ್ರತಿ ಗೆರೆಯನ್ನೂ ಒಂದು ಆಜ್ಞೆಯಾಗಿ ದಾಖಲಿಸುತ್ತಿದ್ದುದರಿಂದ ಅದನ್ನು ದೊಡ್ಡದಾಗಿ ಮತ್ತೆ ಬಿಡಿಸಬಹುದಿತ್ತು, ಚಿತ್ರ ಒಡೆಯುತ್ತಿರಲಿಲ್ಲ. ಆದರೆ ಹತ್ತಿರ ಹೋದವರಿಗೆ ಸಿಗುವುದಾದರೂ ಏನು? ತೈಲಚಿತ್ರದ ಹತ್ತಿರ ಹೋದರೆ ಕುಂಚದ ಕೂದಲಿನ ಗುರುತು, ಬಣ್ಣದ ದಿಣ್ಣೆ, ಕೆಳಗಿನಿಂದ ಇಣುಕುವ ಹಳೆಯ ಬಣ್ಣ, ಹೀಗೆ ದೂರದಲ್ಲಿ ಕಾಣದ ಎರಡನೆಯ ಚಿತ್ರವೊಂದು ಕಾಣಿಸುತ್ತದೆ. ಇಲ್ಲಿ ಅದೇ ನುಣುಪಾದ ಅಂಚು, ದೊಡ್ಡದಾಗಿ ಮಾತ್ರ.

ಆ ಎರಡನೆಯ ಚಿತ್ರ ಇರುವುದು ಬೇರೆ ಕಡೆ. ಬ್ರಶಸ್ ಆ್ಯಪ್ ಚಿತ್ರವನ್ನು ಮೊದಲ ಗೆರೆಯಿಂದ ಕೊನೆಯವರೆಗೆ ಮರುಪ್ರದರ್ಶಿಸಬಲ್ಲದು. 1956ರಲ್ಲಿ ಕ್ಲೂಜೊ ಎಂಬ ಫ್ರೆಂಚ್ ನಿರ್ದೇಶಕ ಪಿಕಾಸೊ ಬಿಡಿಸುವುದನ್ನು ಶಾಯಿ ಹಿಂಬದಿಗೆ ಇಳಿದು ಕಾಣುವ ಕಾಗದದ ಹಿಂದಿನಿಂದ ಚಿತ್ರೀಕರಿಸಿ ಒಂದು ಸಿನಿಮಾವನ್ನೇ ಮಾಡಿದ್ದರು. ಅಷ್ಟು ಸಾಹಸದಿಂದ ಸಿಕ್ಕಿದ್ದು ಈಗ ಜೇಬಿಗೆ ಬಂದಿತು. ಹಾಕ್ನಿಯವರ ಮರುಪ್ರದರ್ಶನಗಳಲ್ಲಿ ಹೂದಾನಿ ಮೊದಲು ಬರುತ್ತದೋ ಹಿನ್ನೆಲೆಯೋ, ಯಾವ ನೆರಳನ್ನು ಇಟ್ಟು, ಮುಚ್ಚಿ, ಮತ್ತೆ ಇಟ್ಟರು ಎಂಬುದೆಲ್ಲ ಕಾಣುತ್ತದೆ. ಮುಗಿದ ಚಿತ್ರದಲ್ಲಿ ಇಲ್ಲದ ಹಿಂಜರಿಕೆ ಅಲ್ಲಿದೆ. ನನ್ನ ಮಟ್ಟಿಗೆ ಕೃತಿ ಅದೇ. ಗೋಡೆಯ ಮೇಲಿನದು ಅದರ ಕೊನೆಯ ಚೌಕಟ್ಟು.

ಬ್ರಶ್‌ಗಿಂತ ಲೇಯರ್ ಹೆಚ್ಚು ಆಳದ ವಿಷಯ. ಫೋಟೋಶಾಪಿಗೆ ಅದು ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು ಎಂದು ವಿವರಿಸುವುದು ರೂಢಿ. ಆ ಹೋಲಿಕೆ ಅರ್ಧ ಸರಿ. ಗಾಜುಗಳ ನಡುವೆ ಗಣಿತ ನಡೆಯುವುದಿಲ್ಲ, ಲೇಯರುಗಳ ನಡುವೆ ನಡೆಯುತ್ತದೆ. ನೆರಳಿಗೆ ಎಲ್ಲರೂ ಬಳಸುವ ‘ಮಲ್ಟಿಪ್ಲೈ’ಯನ್ನೇ ನೋಡಿ. ಕಪ್ಪನ್ನು 0, ಬಿಳಿಯನ್ನು 1 ಎಂದುಕೊಂಡರೆ, ಕೆಳಗಿನ ಬಟ್ಟೆಯ ಕೆಂಪು 0.8, ಮೇಲಿನ ನೆರಳಿನ ಲೇಯರಿನಲ್ಲಿ ಅದೇ ಕೆಂಪು 0.5 ಇದ್ದರೆ ಗುಣಿಸಿ ಬರುವುದು 0.4. ಒಂದಕ್ಕಿಂತ ಚಿಕ್ಕ ಸಂಖ್ಯೆಗಳನ್ನು ಗುಣಿಸಿದರೆ ಫಲ ಯಾವಾಗಲೂ ಇನ್ನೂ ಚಿಕ್ಕದು. ಹಾಗಾಗಿ ಈ ಲೇಯರ್ ಕತ್ತಲೆಯನ್ನು ಮಾತ್ರ ತರಬಲ್ಲದು. ನೆರಳಿಗೆ ಬರೀ ಬೂದು ಬಣ್ಣ ಹಾಕುವವರ ಚಿತ್ರ ಸತ್ತಂತೆ ಕಾಣುವುದು ಇದರಿಂದಲೇ: ಬೂದು ಮೂರೂ ಬಣ್ಣಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ. ಬಯಲಿನ ನೆರಳಿಗೆ ಆಕಾಶದ ನೀಲಿ ತಾಗಿರುತ್ತದೆಂದು ತಿಳಿದವರು ನೇರಳೆಯನ್ನೋ ನೀಲಿಯನ್ನೋ ಹಾಕಿ ಗುಣಿಸುತ್ತಾರೆ.

ಪದರ ಎಂಬುದು ಚಿತ್ರಕಲೆಗೆ ಹೊಸತೇನಲ್ಲ. ಮೈಸೂರು ಶೈಲಿಯ ಚಿತ್ರದಲ್ಲಿ ಮೊದಲು ರೇಖಾಚಿತ್ರ, ಆಮೇಲೆ ಗೆಸ್ಸೊದ ಉಬ್ಬುಕೆಲಸ, ಅದರ ಮೇಲೆ ಚಿನ್ನದ ರೇಕು. ಅಲ್ಲಿ ಪದರಕ್ಕೆ ಒಂದು ಕ್ರಮವಿದೆ, ಆ ಕ್ರಮವೇ ಕಾಲ. ರೇಕು ಕೂತ ಮೇಲೆ ಅದರ ಕೆಳಗಿನ ಉಬ್ಬನ್ನು ಬದಲಿಸಲಾಗದು. ಸಾಫ್ಟ್‌ವೇರಿನ ಲೇಯರಿನಲ್ಲಿ ಕಾಲವಿಲ್ಲ. ಕೊನೆಯಲ್ಲಿ ಹೊಳೆದ ಹಿನ್ನೆಲೆಯನ್ನು ಎಲ್ಲಕ್ಕಿಂತ ಕೆಳಗೆ ತಳ್ಳಬಹುದು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಹಾಕ್ನಿಯವರ ಮರುಪ್ರದರ್ಶನ ಗಿಟ್‌ನ ಕಮಿಟ್ ಇತಿಹಾಸವಿದ್ದಂತೆ. ಲೇಯರ್ ಫೈಲ್ ಎಂದರೆ ಇವತ್ತಿನ ಕೋಡ್‌ನ ಮಾಡ್ಯೂಲ್‌ಗಳು. ಒಂದು ಹೇಗೆ ಬೆಳೆಯಿತೆಂದು ಹೇಳುತ್ತದೆ, ಇನ್ನೊಂದು ಹೇಗೆ ನಿಂತಿದೆ ಎಂದು.

ಲೇಯರ್ ಫೈಲುಗಳನ್ನು ಸಾಮಾನ್ಯವಾಗಿ ಯಾರೂ ಹೊರಗೆ ಬಿಡುವುದಿಲ್ಲ. ಫ್ರಾನ್ಸ್‌ನ ಡೇವಿಡ್ ರೆವೊಯ್ ಬಿಟ್ಟಿದ್ದಾರೆ. ಬ್ಲೆಂಡರ್ ಫೌಂಡೇಶನ್ನಿನ ‘ಸಿಂಟೆಲ್’ (2010) ಎಂಬ ಅನಿಮೇಶನ್ ಚಿತ್ರಕ್ಕೆ ಪರಿಕಲ್ಪನಾ ಚಿತ್ರಗಳನ್ನು ಮಾಡಿದ್ದ ಅವರು 2014ರಿಂದ ‘ಪೆಪ್ಪರ್ ಅಂಡ್ ಕ್ಯಾರಟ್’ ಎಂಬ ಕಾಮಿಕ್ಸ್ ಪ್ರಕಟಿಸುತ್ತಾ ಬಂದಿದ್ದಾರೆ. ಹೆರೆವಾ ಎಂಬ ಲೋಕ, ಪೆಪ್ಪರ್ ಎಂಬ ಪುಟ್ಟ ಮಾಟಗಾತಿ, ಕ್ಯಾರಟ್ ಎಂಬ ಅವಳ ಬೆಕ್ಕು. ಚಿತ್ರವೆಲ್ಲ ‘ಕ್ರಿಟಾ’ದಲ್ಲಿ. ಅದು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಅದರ ಬ್ರಶ್‌ಗಳನ್ನು ರೂಪಿಸುವುದರಲ್ಲೂ ರೆವೊಯ್ ಅವರ ಕೈಯಿದೆ, ಅಂದರೆ ಆ ಮೂರನೆಯವರೂ ಇಲ್ಲಿ ಅವರೇ. ಪ್ರತಿ ಕಂತಿನ ಲೇಯರ್‌ಸಹಿತ ಮೂಲ ಫೈಲುಗಳನ್ನು ಅವರು ತಮ್ಮ ಹೆಸರು ಹೇಳಿದರೆ ಸಾಕು ಎಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇಟ್ಟಿದ್ದಾರೆ. 2016ರಲ್ಲಿ ಫ್ರಾನ್ಸ್‌ನ ದೊಡ್ಡ ಪ್ರಕಾಶನ ಸಂಸ್ಥೆ ಗ್ಲೇನಾ ಇದನ್ನು ಪುಸ್ತಕವಾಗಿ ತಂದದ್ದು ಈ ಪರವಾನಗಿಯ ಬಲದಿಂದಲೇ.

ಕತೆಗಳ ಬಗ್ಗೆ ಹೇಳುವುದಾದರೆ, ತಮಾಷೆ ಮೆದುವಾದದ್ದು, ಕಥಾವಸ್ತು ಕೆಲವೆಡೆ ತೆಳು. ಬೆಳಕಿನ ವಿಷಯದಲ್ಲಿ ರೆವೊಯ್ ಎಷ್ಟು ಧಾರಾಳಿಯೋ ಕಥನದ ತಿರುವುಗಳಲ್ಲಿ ಅಷ್ಟೇ ಮಿತವ್ಯಯಿ. ಕಾಡಿನೊಳಗೆ ಬೀಳುವ ಬಿಸಿಲು, ಮಾಟದ ಕಷಾಯದ ಹೊಳಪು ಇವುಗಳ ಮುಂದೆ ಸಂಭಾಷಣೆ ಮಂಕಾಗುವ ಪುಟಗಳಿವೆ. ಆದರೂ ವಿಮರ್ಶಕರಿಗೆ ಇಂಥ ಅವಕಾಶ ಇನ್ನೆಲ್ಲೂ ಸಿಕ್ಕಿದ್ದಿಲ್ಲ. ಪ್ರತಿ ಲೇಯರಿನ ಪಕ್ಕ ಒಂದು ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಲೇಯರ್ ಮರೆಯಾಗುತ್ತದೆ. ಗೆರೆಯನ್ನು ಮರೆಮಾಡಿ, ಬಣ್ಣ ತಾನೇ ಆಕಾರವನ್ನು ಹಿಡಿದು ನಿಲ್ಲುತ್ತದೆಯೇ ನೋಡಬಹುದು. ಹಳಗನ್ನಡ ಕಾವ್ಯಗಳ ಸಂಪಾದಕರು ಓಲೆಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸುತ್ತಿದ್ದ ಕೆಲಸಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ.

ದೂರದ್ದು ಎಂದೇಕೆ ಅಂದೆನೆಂದರೆ, ಓಲೆಪ್ರತಿಯಲ್ಲಿ ಲಿಪಿಕಾರನ ತಪ್ಪು ಉಳಿದಿರುತ್ತದೆ. ಲೇಯರ್ ಫೈಲಿನಲ್ಲಿ ಚಿತ್ರಕಾರರು ಉಳಿಸಿದ್ದು ಮಾತ್ರ ಉಳಿಯುತ್ತದೆ. ಅಳಿಸಿದ ಲೇಯರಿಗೆ ಅಲ್ಲಿ ಗುರುತೇ ಇಲ್ಲ, ಬೆಸೆದು ಒಂದು ಮಾಡಿದ ನಾಲ್ಕು ಲೇಯರುಗಳು ನಾಲ್ಕಾಗಿದ್ದವು ಎಂಬುದೂ ತಿಳಿಯದು. ಅದು ಕರಡಿನಂತೆ ಕಂಡರೂ ಮನೆಗೆ ಅತಿಥಿಗಳು ಬರುವರೆಂದು ಗುಡಿಸಿ ಸಾರಿಸಿಟ್ಟ ಕರಡು.

ಇದು ಈಗ ಬರೀ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. 2022ರ ಕೊನೆಗೆ ಅಂತರ್ಜಾಲದ ದೊಡ್ಡ ಕಲಾತಾಣವೊಂದು ವಿಯೆಟ್ನಾಮಿನ ಚಿತ್ರಕಾರರೊಬ್ಬರ ಚಿತ್ರವನ್ನು ಯಂತ್ರ ಮಾಡಿದ್ದೆಂದು ಶಂಕಿಸಿ ತೆಗೆದುಹಾಕಿತು. ಲೇಯರ್ ಫೈಲ್ ತೋರಿಸುತ್ತೇನೆ ಎಂದರೂ ಕೇಳಲಿಲ್ಲ. ಅಂದಿನಿಂದ ಲೇಯರ್ ಫೈಲಿಗೆ ಜನನ ಪ್ರಮಾಣಪತ್ರದ ಪಾತ್ರ ಬಂದಿದೆ. ನಮ್ಮ ಓದುಗರಲ್ಲಿ ಬಿಡುವಿನಲ್ಲಿ ಚಿತ್ರ ಬಿಡಿಸಿ ಮುಖಪುಟಕ್ಕೋ ಸ್ಪರ್ಧೆಗೋ ಕಳಿಸುವ ವಿದ್ಯಾರ್ಥಿಗಳಿಗೆ ಇದು ನೇರವಾಗಿ ತಟ್ಟುವ ಮಾತು. ಇದರಲ್ಲಿ ನನಗೆ ಕಾಣುವ ಅನ್ಯಾಯ ಇಷ್ಟು: ಒಂದೇ ಲೇಯರಿನಲ್ಲಿ, ಅಳಿಸದೆ, ಧೈರ್ಯವಾಗಿ ಬಿಡಿಸುವವರ ಬಳಿ ತೋರಿಸಲು ಸಾಕ್ಷಿಯೇ ಇರುವುದಿಲ್ಲ. ಅತಿ ಹೆಚ್ಚು ಕೈಚಳಕ ಇರುವವರೇ ಅತಿ ಹೆಚ್ಚು ಸಂಶಯಕ್ಕೆ ಒಳಗಾಗುತ್ತಾರೆ. ಪುರಾವೆ ಕೇಳುವ ಸಂಪಾದಕರು ಲೇಯರುಗಳ ಜೊತೆಗೆ ಮರುಪ್ರದರ್ಶನದ ವಿಡಿಯೊವನ್ನೂ ಒಪ್ಪಬೇಕು. ಪ್ರೊಕ್ರಿಯೇಟ್ ಅದನ್ನು ತಾನಾಗಿಯೇ ದಾಖಲಿಸಿಕೊಳ್ಳುತ್ತದೆ.

ರೆವೊಯ್ ಅವರ ಪುಟಗಳಲ್ಲಿ ಇನ್ನೊಂದು ಪದರವಿದೆ, ಕನ್ನಡದವರಿಗೆ ಅದೇ ಹೆಚ್ಚು ಆಸಕ್ತಿಯದ್ದು. ಮಾತುಗಳು ಕ್ರಿಟಾದ ಚಿತ್ರದೊಳಗೆ ಇಲ್ಲ. ಅವು ಪ್ರತ್ಯೇಕ ಫೈಲಿನಲ್ಲಿ, ಇಂಕ್‌ಸ್ಕೇಪ್‌ನಲ್ಲಿ ತಿದ್ದಬಹುದಾದ ಹಾಗೆ, ಚಿತ್ರದ ಮೇಲೆ ಕೂತಿವೆ. ಹಾಗಾಗಿಯೇ ಸ್ವಯಂಸೇವಕರು ಈ ಕಾಮಿಕ್ಸನ್ನು ಐವತ್ತಕ್ಕೂ ಹೆಚ್ಚು ಭಾಷೆಗಳಿಗೆ ಒಯ್ಯಲು ಸಾಧ್ಯವಾಯಿತು. ಭಾಷೆಯನ್ನೇ ಲೇಯರ್ ಮಾಡಿದ್ದಕ್ಕೆ ಬೆಲೆಯೂ ಇದೆ: ಕೈಬರಹದ ಕಾಮಿಕ್ಸಿನಲ್ಲಿ ಅಕ್ಷರವೂ ಚಿತ್ರದ ಗೆರೆಯೂ ಒಂದೇ ಕೈಯವೆಂದು ತಿಳಿಯುತ್ತದೆ, ಇಲ್ಲಿ ಅಕ್ಷರ ಸ್ವಲ್ಪ ಹೊರಗಿನ ಅತಿಥಿ. ಕನ್ನಡದಲ್ಲಿ ಈ ದೂರ ಇನ್ನೂ ಎದ್ದು ಕಾಣುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ರೋಮನ್ ಲಿಪಿಯಲ್ಲಿ ಮೂರು ಸಾಲು ಹಿಡಿಸುವ ಬಲೂನಿನಲ್ಲಿ ‘ಸಾಮರ್ಥ್ಯ’, ‘ಸ್ವಾತಂತ್ರ್ಯ’ದಂಥ ಪದಗಳಿರುವ ಕನ್ನಡ ಎರಡೇ ಸಾಲಿಗೆ ಉಸಿರುಗಟ್ಟುತ್ತದೆ. ಅಕ್ಷರವನ್ನು ಕಿರಿದು ಮಾಡಿದರೆ ಫೋನಿನಲ್ಲಿ ಒತ್ತು ಯಾವುದು, ಕಲೆ ಯಾವುದು ತಿಳಿಯುವುದಿಲ್ಲ. ಬಲೂನನ್ನು ಹಿಗ್ಗಿಸಿದರೆ ಅದು ಬೆಕ್ಕಿನ ಕಿವಿಯನ್ನು ಮುಚ್ಚುತ್ತದೆ. ಹೀಗಾಗಿ ಪೆಪ್ಪರ್ ಕನ್ನಡದಲ್ಲಿ ಮಾತಾಡುವಾಗ ಅವಳ ವಾಕ್ಯಗಳನ್ನು ಚಿಕ್ಕದಾಗಿಸಬೇಕು, ಸಂಸ್ಕೃತದ ಜೋಡಕ್ಷರಗಳನ್ನು ಬಿಟ್ಟು ಮನೆಮಾತಿನ ಪದಗಳನ್ನು ಹುಡುಕಬೇಕು. ಅವಳು ಅಡುಗೆಮನೆಯಲ್ಲಿ ಕಷಾಯ ಕಲಕುತ್ತಾ ಬೆಕ್ಕನ್ನು ಗದರುವ ಹುಡುಗಿ. ‘ಪ್ರಯತ್ನಿಸಬೇಡ’ ಎನ್ನುವುದಕ್ಕಿಂತ ‘ಮುಟ್ಟಿದ್ರೆ ನೋಡು!’ ಎನ್ನುವುದು ಬಲೂನಿಗೂ ಹಿಡಿಸುತ್ತದೆ, ಅವಳ ಬಾಯಿಗೂ.