ಮಸ್ಕಿಯ ಶಾಸನದ ‘ಖುದಕ’ನೂ ಸಂವಿಧಾನದ ಹಕ್ಕೂ

ದಢೇಸುಗೂರು, ಸಿಂಧನೂರು, ಲಿಂಗಸುಗೂರುಗಳನ್ನೊಳಗೊಂಡ ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಕಂಡ ಪ್ರಾಕೃತ ಶಿಲಾಶಾಸನವು, ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದನ್ನು ಸ್ಥಿರಪಡಿಸಿ ಪ್ರಸಿದ್ಧವಾಯಿತು. ಅದಕ್ಕಿಂತ ಕಡಮೆಯಲ್ಲದ ಗೌರವಕ್ಕೆ ಅದರ ಉತ್ತರಭಾಗದ ಮಾತೊಂದು ಅರ್ಹವಾಗಿದೆ. ಧರ್ಮಯುಕ್ತನಾದ ಖುದಕನಿಗೂ ಈ ಸಿದ್ಧಿ ಸಾಧ್ಯ, ಉಡಾಲಕನಿಗೆ ಮಾತ್ರವೆಂದು ಭಾವಿಸಬಾರದು, ಇಬ್ಬರಿಗೂ ಇದನ್ನು ತಿಳಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಖುದಕನೆಂದರೆ ಸಂಸ್ಕೃತದ ಕ್ಷುದ್ರಕ, ಅಲ್ಪನು. ಉಡಾಲಕನು ಉದಾರ, ದೊಡ್ಡವನು.

ಇದನ್ನು ಹಿಡಿದು, 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಸಮಾನತೆಯ ಹಕ್ಕು ಮಸ್ಕಿಯಲ್ಲಿಯೇ ಮೊಳೆಯಿತೆಂದು ಹೇಳುವ ಆಸೆ ಸಹಜವಾದುದು. ಆದರೆ ವಾಕ್ಯವಿಚಾರವು ಅದಕ್ಕೆ ಒಪ್ಪುವುದಿಲ್ಲ.

ಜೈಮಿನಿಸೂತ್ರದ ಆರನೆಯ ಅಧ್ಯಾಯದ ವಿಷಯವು ಅಧಿಕಾರ. ಯಾವ ಕರ್ಮದ ಫಲಕ್ಕೆ ಯಾರು ಭಾಗಿಗಳೆಂಬುದು ಅಲ್ಲಿಯ ಪ್ರಶ್ನೆ. ವೈದಿಕ ಕರ್ಮದಲ್ಲಿ ಶೂದ್ರನಿಗೆ ಅಧಿಕಾರವಿಲ್ಲವೆಂಬುದು ಅಲ್ಲಿಯ ನಿರ್ಣಯ. ಶಾಸನವಾದರೋ ಫಲಕ್ಕೆ ದೊಡ್ಡತನವು ಕಾರಣವಲ್ಲ, ಧರ್ಮಯೋಗವೇ ಕಾರಣವೆಂದು ಸಾರಿತು. ಇದು ಅಧಿಕಾರದ ಮಹತ್ತಾದ ವಿಸ್ತಾರ. ಆದರೂ ‘ಧರ್ಮಯುಕ್ತ’ ಎಂಬ ವಿಶೇಷಣವು ಉಳಿದೇ ಇದೆ. ಯೋಗ್ಯತೆಯನ್ನು ಗಳಿಸಿದವನಿಗೆ ಫಲ, ಗಳಿಸದವನಿಗೆ ಇಲ್ಲ. ಮೇಲಾಗಿ ಹೇಳುವವನು ಅರಸು, ಕೇಳುವವನು ಪ್ರಜೆ.

ಸಂವಿಧಾನದ 14ನೆಯ ಅನುಚ್ಛೇದದಲ್ಲಿ ಈ ಸಂಬಂಧವು ತಿರುಗಿದೆ. ಕಾನೂನಿನ ಮುಂದಿನ ಸಮಾನತೆಯನ್ನು ಯಾರಿಗೂ ನಿರಾಕರಿಸಕೂಡದೆಂಬ ನಿಷೇಧವು ಅಲ್ಲಿ ರಾಜ್ಯಕ್ಕೆ ವಿಧಿಸಿದ್ದು. ವ್ಯಕ್ತಿಗೆ ಯಾವ ವಿಶೇಷಣವೂ ಇಲ್ಲ. 17ನೆಯದು ಅಸ್ಪೃಶ್ಯತೆಯನ್ನು ರದ್ದುಮಾಡಿ, ಸಮಾಜವನ್ನೂ ಕಟ್ಟಿಗೆ ಒಳಪಡಿಸುತ್ತದೆ. ನಿಷೇಧವು ಮೀರಲ್ಪಟ್ಟರೆ ಸರ್ವೋಚ್ಚ ನ್ಯಾಯಾಲಯದ ಮೊರೆಹೋಗುವುದೂ 32ನೆಯದರಿಂದ ಹಕ್ಕೇ ಆಗಿದೆ. ಶಾಸನದಲ್ಲಿ ಇಂತಹ ಪರಿಹಾರವಿಲ್ಲ. ಅರಸನೇ ಮರೆತರೆ ಖುದಕನು ಹೋಗಬೇಕಾದ ಬಾಗಿಲು ಯಾವುದು?

ಈ ಭೇದವು ಕೇವಲ ಶಬ್ದದ್ದಲ್ಲ. ಉಪದೇಶವನ್ನೇ ಹಕ್ಕೆಂದು ಕರೆದರೆ, ಹಕ್ಕು ಆಳುವವನ ಅನುಗ್ರಹವಾಗಿಬಿಡುವುದು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಅನುಗ್ರಹವೆಷ್ಟು ಅಸ್ಥಿರವೆಂಬುದು ಅಪರಿಚಿತವಲ್ಲ. ಆದುದರಿಂದ ಶಾಸನಕ್ಕೆ ಇಲ್ಲದ ಕೀರ್ತಿಯನ್ನು ಆರೋಪಿಸುವುದು ಶಾಸನಕ್ಕೂ ಸಂವಿಧಾನಕ್ಕೂ ನ್ಯಾಯವಲ್ಲ.

ಹಾಗೆಂದು ಶಾಸನವು ಕೇವಲ ಪುರಾತನ ವಸ್ತುವೂ ಅಲ್ಲ. ಅಲ್ಪನಿಗೂ ದೊಡ್ಡವನಿಗೂ ತಿಳಿಸತಕ್ಕದ್ದೆಂಬ ಅದರ ಆಜ್ಞೆಯು ಇಂದಿಗೂ ಪ್ರಯೋಜನಕರವಾದುದು. ನ್ಯಾಯಾಲಯದ ಬಾಗಿಲು ತೆರೆದಿದ್ದರೂ ಅದು ತೆರೆದಿದೆಯೆಂದು ಅರಿಯದವನಿಗೆ ಹಕ್ಕು ಗ್ರಂಥದಲ್ಲಿಯೇ ಉಳಿಯುವುದು. ತಿಳಿಸುವ ಆ ಕಾರ್ಯವು ಅರಸನಿಂದ ಈಗ ಉಪಾಧ್ಯಾಯರ ಪಾಲಿಗೆ ಬಂದಿದೆ.