ಫೋನ್ ಕರೆ ಕಟ್ಟಿದ ಸೇತುವೆ

ಅಮೆರಿಕದಲ್ಲಿ ಸಂಶೋಧಕರ ತಂಡವೊಂದು ಲೆಕ್ಕಪತ್ರ ವಿಭಾಗದ ಹುದ್ದೆಗಳಿಗೆ 6,016 ಅರ್ಜಿ ಹಾಕಿತು. ಅರ್ಜಿದಾರರು ಕಾಲ್ಪನಿಕ ವ್ಯಕ್ತಿಗಳು. ವಿದ್ಯಾರ್ಹತೆ, ಅನುಭವ ಎಲ್ಲವೂ ಹುದ್ದೆಗೆ ತಕ್ಕಂಥವು. ಕೆಲವು ಅರ್ಜಿಗಳಲ್ಲಿ ಬೆನ್ನುಹುರಿಗೆ ಪೆಟ್ಟಾಗಿರುವ ವಿಷಯವಿತ್ತು, ಕೆಲವುಗಳಲ್ಲಿ ಆಸ್ಪರ್ಜರ್ (ಆಟಿಸಂನ ಒಂದು ಬಗೆ) ಲಕ್ಷಣವಿರುವ ವಿಷಯ. ಉಳಿದವುಗಳಲ್ಲಿ ಅಂಗವೈಕಲ್ಯದ ಪ್ರಸ್ತಾಪವೇ ಇರಲಿಲ್ಲ. ಲೆಕ್ಕ ಬರೆಯುವ ಕೆಲಸಕ್ಕೆ ಈ ಎರಡೂ ಅಡ್ಡಿಯಾಗುವುದಿಲ್ಲವೆಂದೇ ಅವನ್ನು ಆರಿಸಿಕೊಂಡಿದ್ದರು. ಆದರೂ ವಿಷಯ ಹೇಳಿಕೊಂಡವರಿಗೆ ಕಂಪನಿಗಳು ತೋರಿದ ಆಸಕ್ತಿ 26% ಕಡಿಮೆಯಿತ್ತು. ಹೆಚ್ಚು ಅನುಭವವಿದ್ದವರ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. ಲೀಸಾ ಶೂರ್, ಡಗ್ಲಸ್ ಕ್ರೂಸ್ ಮೊದಲಾದವರ ಈ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು.

ಇಂಥ ಸಂಶೋಧನೆ ಕೆಲಸ ಕೊಡುವವರ ಮೇಜಿಗೆ ಯಾವ ರೂಪದಲ್ಲಿ ತಲುಪುತ್ತದೆ? ನಮ್ಮ ಕಾರ್ಯಾಗಾರಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತೊಂದಿದೆ: ವಿಕಲಚೇತನ ನೌಕರರು ನಿಷ್ಠಾವಂತರು, ಕೆಲಸ ಬಿಟ್ಟು ಹೋಗುವುದಿಲ್ಲ, ಅವರನ್ನು ಸೇರಿಸಿಕೊಂಡರೆ ಕಂಪನಿಗೇ ಲಾಭ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಹೋಗಲು ಬೇರೆ ಬಾಗಿಲಿಲ್ಲದವರು ಇದ್ದಲ್ಲೇ ಉಳಿಯುವುದನ್ನು ನಿಷ್ಠೆಯೆಂದು ಮಾರುವುದು ತಪ್ಪು. ಒಳ್ಳೆಯ ಸಂಬಳ ಸಿಕ್ಕಿದಾಗ ಕೆಲಸ ಬದಲಿಸುವ ಹಕ್ಕು ಎಲ್ಲರಿಗೂ ಇರುವಂತೆ ಅವರಿಗೂ ಇದೆ. ಸಂಶೋಧನೆಯನ್ನು ಘೋಷಣೆ ಮಾಡಿಬಿಟ್ಟರೆ ಆಗುವ ದೊಡ್ಡ ನಷ್ಟ ಇದು: ಹೊಗಳಿಕೆ ತಲುಪುತ್ತದೆ, ತಿಳಿವಳಿಕೆ ತಲುಪುವುದಿಲ್ಲ.

ತಿಳಿವಳಿಕೆಯನ್ನೇ ತಲುಪಿಸಿದ ಪ್ರಯತ್ನಗಳಲ್ಲಿ ನಾನು ಬಹಳ ಗೌರವದಿಂದ ನೋಡುವುದು ಅಮೆರಿಕದ ಜಾಬ್ ಅಕಾಮಡೇಷನ್ ನೆಟ್‌ವರ್ಕ್. ಜನ ಅದನ್ನು ಚಿಕ್ಕದಾಗಿ ಜಾನ್ ಎನ್ನುತ್ತಾರೆ. 1983ರಿಂದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ, ಸರ್ಕಾರದ ಹಣದಲ್ಲಿ ನಡೆಯುತ್ತಿದೆ. ಅದರ ಕೆಲಸ ಸರಳ: ಫೋನ್ ಎತ್ತುವುದು. ನಮ್ಮ ಗುಮಾಸ್ತೆಗೆ ಕೈನಡುಕ ಶುರುವಾಗಿದೆ, ಟೈಪಿಂಗ್‌ಗೆ ಏನು ಮಾಡಲಿ ಎಂದು ಮಾಲೀಕ ಕೇಳಬಹುದು. ನನ್ನ ದೃಷ್ಟಿ ಕುಂದುತ್ತಿದೆ, ಮೇಲಧಿಕಾರಿಗೆ ಹೇಗೆ ಹೇಳಲಿ ಎಂದು ನೌಕರರೂ ಕೇಳಬಹುದು. ಸಲಹೆಗೆ ಶುಲ್ಕವಿಲ್ಲ, ಗುಟ್ಟು ಹೊರಬೀಳುವುದಿಲ್ಲ. ಅವರ ಮಾಹಿತಿಕೋಶವನ್ನು ಕಾಯಿಲೆಯ ಹೆಸರಿನಿಂದ ಮಾತ್ರವಲ್ಲ, ಹೊತ್ತುಗಟ್ಟಲೆ ನಿಲ್ಲಲಾಗದು, ಭಾರ ಎತ್ತಲಾಗದು, ಗಮನ ಚದುರುತ್ತದೆ ಎಂಬಂಥ ತೊಡಕುಗಳಿಂದಲೂ ಹುಡುಕಬಹುದು. ಫ್ಯಾಕ್ಟರಿಯ ಸೂಪರ್‌ವೈಸರ್‌ಗೆ ವೈದ್ಯಶಾಸ್ತ್ರ ಗೊತ್ತಿರಬೇಕಿಲ್ಲ. ಕಣ್ಣೆದುರಿನ ತೊಡಕು ಗೊತ್ತಿದ್ದರೆ ಸಾಕು.

ಜಾನ್‌ನ ಹಿರಿಮೆ ಅಲ್ಲಿಗೆ ಮುಗಿಯುವುದಿಲ್ಲ. ಕರೆ ಮಾಡಿದವರನ್ನು ಕೆಲ ಕಾಲದ ನಂತರ ಮತ್ತೆ ಮಾತಾಡಿಸಿ, ಏನು ಮಾಡಿದಿರಿ, ಎಷ್ಟು ಖರ್ಚಾಯಿತು ಎಂದು ಅವರು ಕೇಳುತ್ತಾರೆ. ಸುಮಾರು ಅರ್ಧದಷ್ಟು ಹೊಂದಾಣಿಕೆಗಳಿಗೆ ಒಂದು ಕಾಸೂ ಖರ್ಚಾಗಿಲ್ಲವೆಂದೂ, ಒಂದೇ ಸಲದ ಖರ್ಚಿದ್ದ ಕಡೆ ಅದರ ಮಧ್ಯಕ ಮೊತ್ತ ಕೆಲವೇ ನೂರು ಡಾಲರ್ ಎಂದೂ ಗೊತ್ತಾದದ್ದು ಹೀಗೆ. ಪಾಳಿಯ ಹೊತ್ತು ಬದಲಿಸುವುದಕ್ಕೆ, ಮೇಜನ್ನು ಕಿಟಕಿಯ ಬಳಿಗೆ ಸರಿಸುವುದಕ್ಕೆ, ಸೂಚನೆಯನ್ನು ಬಾಯಲ್ಲಿ ಹೇಳುವ ಬದಲು ಬರೆದು ಕೊಡುವುದಕ್ಕೆ ಖರ್ಚೇನಿದೆ? ಒಬ್ಬರ ಕಷ್ಟಕ್ಕೆ ಕೊಟ್ಟ ಉತ್ತರ ನಾಳಿನ ಸಂಶೋಧನೆಗೆ ಸಾಮಗ್ರಿಯಾಗುತ್ತದೆ. ಸಂಶೋಧನೆಗೂ ಕೆಲಸದ ಜಾಗಕ್ಕೂ ನಡುವಿನ ಈ ಸೇತುವೆಯ ಮೇಲೆ ಓಡಾಟ ಎರಡೂ ಕಡೆಯಿಂದ ಇದೆ.

ಆದರೂ ಇದರ ಮಿತಿಯನ್ನು ಹೇಳಲೇಬೇಕು. ಆ ಲೆಕ್ಕ ಬಂದಿರುವುದು ತಾವಾಗಿ ಫೋನ್ ಮಾಡಿದವರಿಂದ. ಕೇಳಿ ತಿಳಿಯುವ ಮನಸ್ಸು ಅವರಿಗೆ ಮೊದಲೇ ಇತ್ತು. ಅರ್ಜಿ ಓದಿ ಪಕ್ಕಕ್ಕಿಟ್ಟವರು ಖರ್ಚಿನ ಪ್ರಶ್ನೆಯವರೆಗೆ ಬರಲೇ ಇಲ್ಲ. ಖರ್ಚಿನ ಭಯ ಹೋಗಲಾಡಿಸಿದರೆ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಗೆ ಆ 6,016 ಅರ್ಜಿಗಳು ಎದುರು ನಿಲ್ಲುತ್ತವೆ. ಅದೇ ಪ್ರಯೋಗದಲ್ಲಿ, 1990ರ ಅಮೆರಿಕನ್ ಅಂಗವಿಕಲರ ಕಾಯ್ದೆಯ ವ್ಯಾಪ್ತಿಗೆ ಬಾರದ, 15ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಲ್ಲಿ ತಾರತಮ್ಯ ಎದ್ದು ಕಂಡಿತ್ತು. ಬಾಗಿಲಲ್ಲಿ ಕಾನೂನು ನಿಲ್ಲಬೇಕು. ಸಲಹೆಯ ಸರದಿ ಒಳಗೆ ಬಂದ ಮೇಲೆ.

ಒಳಗೆ ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನ ಸಂಶೋಧನೆಯೇ ಇದೆ. ಬೆಂಗಳೂರಿನ ಐಐಎಂನ ಮುಕ್ತಾ ಕುಲಕರ್ಣಿ ಅವರು ಮಾರ್ಕ್ ಲೆಂಗ್ನಿಕ್-ಹಾಲ್ ಜೊತೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಕಲಚೇತನ ನೌಕರರು ಸಂಸ್ಥೆಯಲ್ಲಿ ಒಂದಾಗುವುದಕ್ಕೆ ಸಂಸ್ಥೆಯ ಕಾರ್ಯಕ್ರಮಗಳಿಗಿಂತ ಪಕ್ಕದ ಸಹೋದ್ಯೋಗಿಗಳೂ ಮೇಲ್ವಿಚಾರಕರೂ ಹೆಚ್ಚು ಕಾರಣರಾಗುತ್ತಾರೆ. ಇದನ್ನು ಓದಿದವರು ಮುಖ್ಯ ಕಚೇರಿಯ ಎಚ್‌ಆರ್ ವಿಭಾಗಕ್ಕೇ ಎಲ್ಲ ತರಬೇತಿ ಕೊಟ್ಟು ಸುಮ್ಮನಾಗಲಾರರು. ಲೈನ್ ಸೂಪರ್‌ವೈಸರ್‌ನ ಬಳಿಗೆ ಹೋಗುತ್ತಾರೆ. ಕುಷ್ಠ ವಾಸಿಯಾದ ನೌಕರರ ಬೆರಳಚ್ಚನ್ನು ಹಾಜರಿ ಯಂತ್ರ ಗುರುತಿಸದಿದ್ದಾಗ, ಕಿವಿ ಕೇಳದವರಿಗೆ ಬೆಂಕಿಯ ಸೈರನ್ ತಿಳಿಯದಿದ್ದಾಗ ಎದುರಿಗಿರುವುದು ಆ ಸೂಪರ್‌ವೈಸರ್ ಮಾತ್ರ.

ಬೆಂಗಳೂರಿನಲ್ಲಿ 1959ರಿಂದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎಪಿಡಿ), 1999ರಿಂದ ಎನೇಬಲ್ ಇಂಡಿಯಾ ಈ ಕ್ಷೇತ್ರದಲ್ಲಿವೆ. ಇಂಥ ಸಂಸ್ಥೆಗಳ ಕಾರ್ಯಕರ್ತರು ಕೆಲಸದ ಜಾಗಕ್ಕೇ ಹೋಗಿ, ಕೆಲಸವನ್ನು ಬಿಡಿಬಿಡಿಯಾಗಿ ನೋಡಿ, ಎಲ್ಲಿ ಏನು ಬದಲಿಸಬೇಕೆಂದು ಕಂಡುಕೊಳ್ಳುವುದು ಅಪ್ಪಟ ಸಂಶೋಧನೆಯೇ. ಅದು ಒಬ್ಬಿಬ್ಬರ ತಲೆಯಲ್ಲೇ ಉಳಿದುಬಿಟ್ಟರೆ ಅವರೊಡನೆಯೇ ಹೋಗುತ್ತದೆ. ತುಮಕೂರಿನ ಸಣ್ಣ ವರ್ಕ್‌ಶಾಪ್ ಮಾಲೀಕರಿಗೆ ಅದು ಕನ್ನಡದಲ್ಲಿ, ಒಂದು ಕರೆಯ ದೂರದಲ್ಲಿ ಸಿಗಬೇಕು.

ಅದಕ್ಕೆ ಬೇಕಾದ ದಾರಿ ನಮ್ಮ ಕಾನೂನಿನಲ್ಲೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು, ಸರ್ಕಾರಿ ಹುದ್ದೆಗಳಲ್ಲಿ 4% ಮೀಸಲಾತಿ ಕೊಟ್ಟಿತು. ಬೇಕಾದ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದಿತು. ಆ ಹೊಂದಾಣಿಕೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ ಎಂಬುದನ್ನು ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿತು. ಇದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆ ಸಮಾನ ಅವಕಾಶದ ನೀತಿ ಬರೆದು ಆಯುಕ್ತರ ಬಳಿ ನೋಂದಾಯಿಸಬೇಕು; 20 ಅಥವಾ ಹೆಚ್ಚು ನೌಕರರಿದ್ದರೆ, ಕಾಯ್ದೆಯ ನಿಯಮಗಳಂತೆ, ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಎರಡು ಪುಟದ ಆ ನೀತಿಯನ್ನು ಯಾರದೋ ಮಾದರಿ ನೋಡಿ ನಕಲು ಮಾಡಿ ಸಲ್ಲಿಸಿದರೆ ಉಳಿಯುವುದು ಕಾಗದ ಮಾತ್ರ. ಅದರ ಜೊತೆಗೆ ಪ್ರತಿ ವರ್ಷ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯೋಣ: ನೌಕರರು ಯಾವ ಹೊಂದಾಣಿಕೆ ಕೇಳಿದರು, ಯಾವುದನ್ನು ಕೊಟ್ಟಿರಿ, ಯಾವುದನ್ನು ಯಾಕೆ ಕೊಡಲಿಲ್ಲ? ಹೆಸರು ತೆಗೆದು ಆ ಉತ್ತರಗಳನ್ನು ಸಂಶೋಧಕರಿಗೂ ಕಾರ್ಖಾನೆಗಳಿಗೂ ತೆರೆದಿಡೋಣ. ಮೂರನೆಯ ಪ್ರಶ್ನೆ ಬಹಳ ಮುಖ್ಯ. ಕರೆ ಮಾಡಿದವರ ಕಥೆ ಜಾನ್ ಬಳಿಯಿದೆ. ಕರೆ ಮಾಡದವರ ಕಥೆಯನ್ನು ಬರೆಸಿಕೊಳ್ಳುವ ಅಧಿಕಾರ ನಮ್ಮ ಕಾನೂನಿನ ಅಂಚಿನಲ್ಲಿ ಕೈಗೆಟುಕುವಂತಿದೆ.